ಪೇಪರ್ ಕಪ್ ನಿಲ್ಲಿಸಬೇಕಾ? ಮೇಲಿನವರಿಂದ ಶುರು ಮಾಡಿ
ಹಾಸನ, ಚಿಕ್ಕಮಗಳೂರು ಕಡೆ ಆಫೀಸು, ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಘಟಕ) ನಡೆಸುವವರು ಗಮನಿಸಿ. ಪೇಪರ್ ಕಪ್ ನಿಲ್ಲಿಸಲು ನೋಟಿಸ್ ಅಂಟಿಸುವ ಮೊದಲು ಮ್ಯಾನೇಜರ್ ಎಲ್ಲರೆದುರು ತಮ್ಮ ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯಲಿ, ಆಮೇಲೆ ತಾವೇ ತೊಳೆದಿಡಲಿ. ತೊಳೆಯುವುದೇ ಮುಖ್ಯ. ಲೋಟವನ್ನು ಅಟೆಂಡರ್ ಕೈಗೆ ಕೊಟ್ಟರೆ ಅದು ಸಾಹೇಬರಿಗೆ ಮಾತ್ರ ಸಿಗುವ ಅನುಕೂಲ ಅನ್ನಿಸುತ್ತದೆ. ಕೆಲಸದ ಜಾಗದಲ್ಲಿ ಯಾವುದು ಸರಿ ಅಂತ ಜನ ಮೇಲಿನವರನ್ನು ನೋಡಿಯೇ ತಿಳಿಯುತ್ತಾರೆ, ಅಲ್ವಾ? ಪೇಪರ್ ಕಪ್ಪಿನ ಒಳಗೂ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ ಅನ್ನೋದನ್ನು ಆಗ ಹೇಳಿ, ಮಾತು ನಾಟುತ್ತದೆ. ನಲ್ಲಿ, ಲೋಟ ಇಡುವ ಸ್ಟ್ಯಾಂಡ್ ಹತ್ತಿರ ಇಲ್ಲದಿದ್ದರೆ ಇದು ನಡೆಯುವುದಿಲ್ಲ. ಕೊಯ್ಲಿನ ಕಾಲದಲ್ಲಿ ಹೊಸಬರು ಜಾಸ್ತಿ ಬರುವ ತೋಟಗಳಲ್ಲೂ ಮ್ಯಾನೇಜರ್ ಒಬ್ಬರಿಂದ ಆಗುವುದು ಕಷ್ಟ. ಅಲ್ಲಿ ಮೇಸ್ತ್ರಿಯೇ ಮೊದಲು ಲೋಟ ಹಿಡಿಯಬೇಕು. ಕೆಲಸದವರು ದಿನವಿಡೀ ನೋಡುವುದು ಅವರನ್ನೇ.