ಉತ್ತರ ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಸಹಿ ಹಾಕಬೇಕಿಲ್ಲ

ನಮ್ಮ ಮನೆಯ ದುಡ್ಡುಕಾಸಿನ ಲೆಕ್ಕ ನೋಡಿಕೊಳ್ಳುವವಳು ನಾನು. ಯಾರಾದರೂ ಕಾರಣ ಕೊಟ್ಟು, ಬಿಡಿಸಿ ಹೇಳಿದರೆ ನನಗೆ ಬೇಗ ಸರಿ ಅನ್ನಿಸುತ್ತದೆ. ಅದು ಕೆಟ್ಟ ಗುಣವೇನಲ್ಲ. ಹೊಸ ಅಡುಗೆ ಎಣ್ಣೆ ತಗೊಳ್ಳಿ ಅಂದರೆ ಒಂದು ತಿಂಗಳು ತಂದು ನೋಡಬಹುದು, ಬೇಡವಾದರೆ ಬಿಡಬಹುದು. ಇಪ್ಪತ್ತು ವರ್ಷ ದುಡ್ಡು ಕಟ್ಟಿಹಾಕುವ ಮಾತು ಬಂದಾಗ ಮಾತ್ರ ನಾನು ತುಂಬಾ ಹುಷಾರಾಗುತ್ತೇನೆ.

ಪರಿಚಯದ ಏಜೆಂಟರೊಬ್ಬರು ಪಾಲಿಸಿ ಮಾಡಿಸಿ ಅಂತ ಮನೆಗೆ ಬಂದಿದ್ದರು. ವರ್ಷಕ್ಕೆ 1 ಲಕ್ಷದಂತೆ 10 ವರ್ಷ ಕಟ್ಟಬೇಕು, 20 ವರ್ಷ ತುಂಬಿದಾಗ 20 ಲಕ್ಷ ಬರುತ್ತದೆ. "ದುಡ್ಡು ಡಬಲ್ ಮೇಡಂ, ಜೊತೆಗೆ ಜೀವ ವಿಮೆ. ಬ್ಯಾಂಕಲ್ಲಿಟ್ರೆ ಯಾವುದಕ್ಕೋ ತೆಗೆದು ಖರ್ಚು ಮಾಡಿಬಿಡ್ತೀರಿ, ಅಲ್ವಾ?" ಒಂದೊಂದು ಮಾತೂ ನಿಜ. ಎದುರಾಡಲು ನನಗೇನೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಅವರು ದಿನಾ ಹೇಳುವ ಮಾತು ಅದು, ನಾನು ಕೇಳಿದ್ದು ಆಗಷ್ಟೇ.

ಹೇಳಿದವರ ಎದುರಿಗೇ ನಾನು ಸಹಿ ಹಾಕುವುದಿಲ್ಲ. "ಕಾಗದ ಇಟ್ಟು ಹೋಗಿ, ನಾನೇ ಫೋನ್ ಮಾಡ್ತೀನಿ" ಅಂದೆ. ರಾತ್ರಿ ಅವರ ಮಾತನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದುಕೊಂಡು ಲೆಕ್ಕಕ್ಕೆ ಕೂತೆ.

ಮೊದಲ ಕಂತು 20 ವರ್ಷ ಅವರ ಹತ್ತಿರ ಇರುತ್ತದೆ, ಕೊನೆಯದು 11 ವರ್ಷ. ಸರಾಸರಿ ಹದಿನೈದೂವರೆ ವರ್ಷ. 72ನ್ನು ಡಬಲ್ ಆಗುವ ವರ್ಷಗಳಿಂದ ಭಾಗಿಸಿದರೆ ಹೆಚ್ಚುಕಡಿಮೆ ಬಡ್ಡಿ ದರ ಸಿಗುತ್ತದೆ. ಇಲ್ಲಿ ಸುಮಾರು ನಾಲ್ಕೂವರೆ ಪರ್ಸೆಂಟ್, ಅಷ್ಟೇ. ಪಿಪಿಎಫ್, ಅಂದರೆ ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆಯ ಬಡ್ಡಿ 2020ರ ಏಪ್ರಿಲ್‌ನಿಂದ 7.1 ಪರ್ಸೆಂಟ್ ಇದೆ. ಅದೇ ದರ ಉಳಿದರೆ ಅದೇ ಕಂತುಗಳು 20 ವರ್ಷಕ್ಕೆ 29 ಲಕ್ಷ ದಾಟುತ್ತವೆ. ಪಿಪಿಎಫ್‌ನಲ್ಲಿ ವಿಮೆ ಇಲ್ಲ, ನಿಜ. ಅದಕ್ಕೆ ಟರ್ಮ್ ಪಾಲಿಸಿ, ಅಂದರೆ ಉಳಿತಾಯವಿಲ್ಲದ ಬರೀ ಜೀವ ವಿಮೆ, ಬೇರೆ ಮಾಡಿಸಬೇಕು.

ನನ್ನ ಲೆಕ್ಕವೂ ಒಂದು ವಾದವೇ. ಹಾಗಾಗಿ ಅವರ ಮಾತಲ್ಲಿ ಗಟ್ಟಿಯಾದದ್ದು ಯಾವುದು ಅಂತ ಮತ್ತೆ ಹುಡುಕಿದೆ. ಕೈಗೆ ಸಿಗುವ ದುಡ್ಡು ಖರ್ಚಾಗುತ್ತದೆ ಅನ್ನುವುದು ಗಟ್ಟಿ ಮಾತು. ನಮ್ಮ ಮನೆಯಲ್ಲೂ ಎಫ್‌ಡಿ ಮುರಿದದ್ದಿದೆ. ಅದಕ್ಕೇ ಸುಲಭವಾಗಿ ತೆಗೆಯಲು ಬಾರದ, 15 ವರ್ಷದ ಪಿಪಿಎಫ್ ಆರಿಸಿಕೊಂಡೆ. ಕೊಟ್ಟ ಮಾತಿನಂತೆ ಫೋನ್ ಮಾಡಿ, ಪಾಲಿಸಿ ಬೇಡ ಅಂತ ಕಾರಣ ಸಮೇತ ಹೇಳಿದೆ.

ಆಗಲೇ ಸಹಿ ಹಾಕಿದವರಿಗೂ ದಾರಿ ಇದೆ. 2024ರ ನಿಯಮದಂತೆ, ಪಾಲಿಸಿ ಪತ್ರ ಕೈಸೇರಿದ 30 ದಿನದೊಳಗೆ ಅದನ್ನು ವಾಪಸ್ ಮಾಡಬಹುದು. ಸ್ವಲ್ಪ ಖರ್ಚು ಹಿಡಿದುಕೊಂಡು ಉಳಿದ ದುಡ್ಡು ಕೊಡುತ್ತಾರೆ. ಪತ್ರ ಬಂದ ದಿನವೇ ಕವರಿನ ಮೇಲೆ ತಾರೀಕು ಬರೆದಿಡಿ.