ಟೀಕೆಗೆ ಉತ್ತರಿಸುವ ಮುನ್ನ ಒಂದು ಹಾಳೆ: ನನ್ನ ಅನುಭವ

ಬೈಬಲನ್ನು ತಿದ್ದಿದ್ದಾರೆ, ಗೋವಾದಲ್ಲಿ ಚರ್ಚು ಜನರನ್ನು ಹಿಂಸಿಸಿತು, ಅಕ್ಕಿ ಕೊಟ್ಟು ಮತಾಂತರ ಮಾಡುತ್ತೀರಿ. ನಮ್ಮ ಕಡೆ ಕ್ರೈಸ್ತರಾದ ನಮ್ಮ ಮೇಲೆ ಕೇಳಿಬರುವ ಟೀಕೆಗಳಲ್ಲಿ ಮುಕ್ಕಾಲು ಪಾಲು ಈ ಮೂರೇ. ‘ತಪ್ಪು ಒಪ್ಪಿಕೊಂಡರೆ ಸೋತಂತೆ’ ಎಂದು ಚರ್ಚಿನ ವಾರ್ಡಿನ ಮುಖಂಡರಾದ ಗುರಿಕಾರರಿಂದ ಹಿಡಿದು ಎಲ್ಲರೂ ಹೇಳಿದ್ದರು. ನಾನು ಒಪ್ಪಿಕೊಂಡೇ ಆರು ವರ್ಷದಲ್ಲಿ ಹೀಗೆ ಟೀಕಿಸುವ ಸುಮಾರು ನಲವತ್ತು ಮಂದಿಯ ಜತೆ ಕೂತಿದ್ದೇನೆ. ಮೂವತ್ತಕ್ಕೂ ಹೆಚ್ಚು ಮಂದಿ ಎರಡನೇ ಸಲವೂ ಮಾತಿಗೆ ಬಂದರು. ನಮ್ಮ ವಲಯದಲ್ಲಿ ಬೇರೆ ಯಾರಿಗೂ ಇಷ್ಟು ಆಗಿಲ್ಲ.

ನನ್ನ ರೀತಿ ಇಷ್ಟೇ: ಎ4 ಹಾಳೆ ಮಡಚಿ ಎಡಕ್ಕೆ ಅವರ ಆಕ್ಷೇಪವನ್ನು ಅವರದೇ ಮಾತಲ್ಲಿ ಬರೆಯಬೇಕು. ಓದಿ ಹೇಳಿ, ‘ನೀವು ಹೇಳಿದ್ದು ಇದೇ ತಾನೆ?’ ಎಂದು ಕೇಳಬೇಕು. ಹೌದು ಅನ್ನುವವರೆಗೆ ಪೆನ್ನು ಬಲಕ್ಕೆ ಹೋಗಬಾರದು. ಬಲಗಡೆಯ ಮೊದಲ ಸಾಲು, ಅದರಲ್ಲಿ ನಿಜ ಎಷ್ಟು ಎಂಬುದು. ಒಂದು ಸಲಕ್ಕೆ ಒಂದೇ ಆಕ್ಷೇಪ.

ಬೈಬಲಿನ ಪ್ರಶ್ನೆಗೆ ಯೇಸುವಿನ ಬದುಕು ಹೇಳುವ ಮಾರ್ಕನ ಸುವಾರ್ತೆಯ 16ನೇ ಅಧ್ಯಾಯ ತೆರೆದು 8ನೇ ವಚನದ ಕೊನೆಗೆ ಬೆರಳಿಡುತ್ತೇನೆ. 4ನೇ ಶತಮಾನದ ವ್ಯಾಟಿಕನಸ್, ಸಿನೈಟಿಕಸ್ ಹಸ್ತಪ್ರತಿಗಳಲ್ಲಿ ಸುವಾರ್ತೆ ಅಲ್ಲಿಗೇ ನಿಲ್ಲುತ್ತದೆ: ಯೇಸುವಿನ ಸಮಾಧಿಗೆ ಹೋಗಿದ್ದ ಹೆಂಗಸರು ಹೆದರಿ ಯಾರಿಗೂ ಏನೂ ಹೇಳಲಿಲ್ಲ. ಮುಂದಿನ ಹನ್ನೆರಡು ವಚನ ಅವುಗಳಲ್ಲಿಲ್ಲ. ಯೊವಾನ್ನನ ಮೊದಲ ಪತ್ರದಲ್ಲಿ ತ್ರಿತ್ವದ (ದೇವರು ಒಬ್ಬನೇ, ವ್ಯಕ್ತಿಗಳು ಮೂವರು ಎಂಬ) ಸಾಲು ವಿದ್ವಾಂಸ ಎರಾಸ್ಮಸನ 1516ರ ಗ್ರೀಕ್ ಮುದ್ರಣದಲ್ಲಿ ಇರಲಿಲ್ಲ, 1522ರಲ್ಲಿ ಸೇರಿತು. ಇದನ್ನು ನಾನೇ ಮೊದಲು ತೋರಿಸಿದರೆ ಎದುರಿನವರ ದನಿ ಇಳಿಯುತ್ತದೆ. ಆಮೇಲೆ ಹೇಳುವುದು: ಸಾವಿರಾರು ಪ್ರತಿ ಉಳಿದಿದ್ದರಿಂದಲೇ ಹೋಲಿಸಿ ಸೇರ್ಪಡೆ ಹಿಡಿಯಲು ಆಯಿತು. ಬಸವಾದಿ ಶರಣರ ವಚನಗಳಲ್ಲಿ ಪಾಠಾಂತರ, ಪ್ರಕ್ಷಿಪ್ತ (ಆಮೇಲೆ ಸೇರಿಸಿದ್ದು) ಗೊತ್ತಿರುವವರಿಗೆ ಇದು ತಟ್ಟನೆ ಹಿಡಿಯುತ್ತದೆ.

ಗೋವಾದ ವಿಚಾರಣೆ (ಇನ್‌ಕ್ವಿಸಿಷನ್, ಧರ್ಮ ತಪ್ಪಿದರೆಂದು ಜನರನ್ನು ಶಿಕ್ಷಿಸುತ್ತಿದ್ದ ಚರ್ಚಿನ ನ್ಯಾಯಾಲಯ) 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ನಡೆಯಿತು. ‘ಅದು ಪೋರ್ಚುಗೀಸರದ್ದು’ ಅಂದರೆ ಮಾತು ಅಲ್ಲಿಗೇ ಮುರಿಯುತ್ತದೆ. ನಡೆದದ್ದು ಕ್ರಿಸ್ತನ ಹೆಸರಲ್ಲಿ, ತಪ್ಪು ಎಂದು ಬರೆಯಬೇಕು. ಕರಾವಳಿಯ ಕೊಂಕಣಿ ಕ್ರೈಸ್ತರ ಹಿರಿಯರಲ್ಲಿ ಹಲವರು ಗೋವಾ ಬಿಟ್ಟು ಬಂದದ್ದಕ್ಕೆ ಅದೂ ಒಂದು ಕಾರಣ.

ಮತಾಂತರಕ್ಕೆ ಉತ್ತರ ಚಿಕ್ಕದು. ಆಮಿಷದಿಂದ ಬಂದದ್ದು ವಿಶ್ವಾಸವೇ ಅಲ್ಲ. ಸುಪ್ರೀಂ ಕೋರ್ಟಿನ 1977ರ ಸ್ಟೇನಿಸ್ಲಾಸ್ ತೀರ್ಪನ್ನೂ ಮುಚ್ಚಿಡುವುದಿಲ್ಲ: ಸಂವಿಧಾನದ 25ನೇ ವಿಧಿ ಪ್ರಚಾರದ ಹಕ್ಕು ಕೊಡುತ್ತದೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕನ್ನಲ್ಲ.

ಕೆಟ್ಟದ್ದೂ ಇದೆ. ಟೀಕೆಗಳಿಗೆ ಉತ್ತರವೆಂದು ಮಾಡಿಸಿದ 40 ಪುಟದ ಪುಸ್ತಿಕೆ 500 ಪ್ರತಿಗೆ ಒಂಬತ್ತು ಸಾವಿರದಷ್ಟು ಖರ್ಚಾಯಿತು. ಅರ್ಧ ಗೆದ್ದಲಿಗೆ ಹೋಯಿತು, ಓದಿದವರು ಹತ್ತು ಮಂದಿ ಇರಬಹುದು. ಬೈಬಲನ್ನೇ ಒಪ್ಪದವರಿಗೆ ವಚನ ಹೇಳುವುದು, ‘ನಿಮ್ಮಲ್ಲೂ ಜಾತಿ ಇಲ್ಲವೇ’ ಎಂದು ತಿರುಗಿಸುವುದು, ಎರಡೂ ಮೊದಲ ಐದು ನಿಮಿಷದಲ್ಲೇ ಕೆಡಿಸುತ್ತವೆ. ಅದೂ ಅಲ್ಲದೆ ಜಾತಿ ನಮ್ಮ ಸಮಾಧಿ ಜಾಗದವರೆಗೂ ಬಂದಿದೆ. ವಾಟ್ಸಾಪ್ ವಾಯ್ಸ್ ಮೆಸೇಜಲ್ಲೂ ಉತ್ತರಿಸಿ ನೋಡಿದೆ. ಎರಡು ನಿಮಿಷ ದಾಟಿದರೆ ಯಾರೂ ಕೇಳುವುದಿಲ್ಲ, ಅರ್ಧ ತುಂಡು ಮಾಡಿ ಫಾರ್ವರ್ಡ್ ಮಾಡುತ್ತಾರೆ.

ಈಗಿನ ಖರ್ಚು ಜೆರಾಕ್ಸಿಗೆ ಎರಡು ರೂಪಾಯಿ. ಉತ್ತರ ಗೊತ್ತಿಲ್ಲದಿದ್ದರೆ ಬಲಗಡೆ ಎಂಟು ದಿನದ ನಂತರದ ತಾರೀಕು ಬರೆದು, ಆ ದಿನ ಅವರ ಮನೆಗೇ ಹೋಗುತ್ತೇನೆ. ಮೂಲ ಹಾಳೆ ಅವರಿಗೆ, ಜೆರಾಕ್ಸ್ ನನಗೆ.