ಮೇಲ್ ಸರ್ವರ್: ಯಾರಿಗೆ ರಿಲೇ, ಯಾವ ದಾರಿ, ಎಷ್ಟು ಸಂಪರ್ಕ

ಹಂಪನಕಟ್ಟೆಯಲ್ಲಿ ಮುಖ್ಯ ಕಚೇರಿ, ಸುರತ್ಕಲ್ ಮತ್ತು ಕುಂದಾಪುರದಲ್ಲಿ ಶಾಖೆಗಳು. ಒಂದು ಉಬುಂಟು ಸರ್ವರ್, ಅದರಲ್ಲಿ ಇಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ತಂತ್ರಾಂಶ. ನಮ್ಮ ಕರಾವಳಿಯ ಮಧ್ಯಮ ಗಾತ್ರದ ಸಹಕಾರಿ ಸಂಘಕ್ಕೆ ಇಷ್ಟು ವ್ಯವಸ್ಥೆ ಸಾಕು. ಎಡವಟ್ಟಾಗುವುದು ಹೆಚ್ಚಾಗಿ ಒಂದೇ ಕಡೆ: ಯಾರ ಇಮೇಲನ್ನು ಹೊರಗೆ ಸಾಗಿಸಬೇಕು ಎಂಬ ರಿಲೇ ಅನುಮತಿಯಲ್ಲಿ. ಅದು ಸಡಿಲವಾದರೆ ಸ್ಪ್ಯಾಮ್ ಕಳಿಸುವವರು ರಾತ್ರಿ ಬೆಳಗಾಗುವುದರೊಳಗೆ ಸರ್ವರನ್ನು ಬಳಸಿಕೊಳ್ಳುತ್ತಾರೆ, ಐಪಿ ವಿಳಾಸ ಕಪ್ಪುಪಟ್ಟಿಗೆ ಸೇರುತ್ತದೆ, ಸದಸ್ಯರಿಗೆ ಕಳಿಸಿದ ಠೇವಣಿ ರಸೀದಿಯೂ ತಲುಪದೆ ಹೋಗುತ್ತದೆ.

ಸೆಟ್ಟಿಂಗ್‌ಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ. ಫೈಲಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಬರೆಯಬೇಕು. ಶುರು ಮಾಡುವ ಮುನ್ನ ಪೋಸ್ಟ್‌ಫಿಕ್ಸಿನ ಸೆಟ್ಟಿಂಗ್ ಫೈಲುಗಳಾದ ಮೇನ್.ಸಿಎಫ್ ಮತ್ತು ಮಾಸ್ಟರ್.ಸಿಎಫ್ ಎರಡರ ನಕಲು ತೆಗೆದಿಡಿ. ‘ಪೋಸ್ಟ್‌ಕಾನ್ಫ್ -ಎನ್’ ಆದೇಶ ಕೊಟ್ಟರೆ ಈಗ ಮೇನ್.ಸಿಎಫ್‌ನಲ್ಲಿ ಏನೇನು ಬರೆದಿದೆ ಎಂಬುದು ತೆರೆಯ ಮೇಲೆ ಬರುತ್ತದೆ.

ಅನುಮತಿ: ಯಂತ್ರ ಎಣಿಸಿ ಕೊಡಿ

‘ಮೈನೆಟ್‌ವರ್ಕ್ಸ್’ ಸಾಲಿನಲ್ಲಿರುವ ವಿಳಾಸಗಳು ಪಾಸ್‌ವರ್ಡ್ ಇಲ್ಲದೆ ಎಲ್ಲಿಗೆ ಬೇಕಾದರೂ ಇಮೇಲ್ ಕಳಿಸಬಹುದು. ಸ್ಕ್ಯಾನರ್‌ನಿಂದ ಇಮೇಲ್ ಹೋಗುತ್ತಿಲ್ಲ ಎಂಬ ದೂರು ಬಂದ ತಕ್ಷಣ ಅಲ್ಲಿ 192.168.0.0/16 (192.168 ಎಂದು ಶುರುವಾಗುವ ಎಲ್ಲ ವಿಳಾಸ) ಎಂದು ಬರೆದು ಕೈತೊಳೆದುಕೊಳ್ಳುವುದು ಎಲ್ಲೆಡೆ ನಡೆಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಲಾಗಿನ್ ಮಾಡಲು ಬಾರದ ಯಂತ್ರಗಳನ್ನು ಮಾತ್ರ ಒಂದೊಂದಾಗಿ ಹೆಸರಿಸಿ: 127.0.0.0/8 (ಸರ್ವರ್ ತಾನೇ), ಲೆಕ್ಕಪತ್ರ ಸಾಫ್ಟ್‌ವೇರಿನ 192.168.10.12, ಸ್ಕ್ಯಾನರಿನ 192.168.10.40. ಸಿಬ್ಬಂದಿಯ ಕಂಪ್ಯೂಟರ್, ಮೊಬೈಲ್ ಎಲ್ಲವೂ 587ನೇ ಪೋರ್ಟಿನಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟೇ ಬರಲಿ. ಮಾಸ್ಟರ್.ಸಿಎಫ್‌ನಲ್ಲಿ ‘ಸಬ್‌ಮಿಷನ್’ ಸಾಲುಗಳ ಮುಂದಿನ ಹ್ಯಾಶ್ (#) ತೆಗೆದು, ಟಿಎಲ್‌ಎಸ್ (ಸಂಪರ್ಕದ ಗೂಢಲಿಪೀಕರಣ) ಕಡ್ಡಾಯ ಮಾಡಿ. ಪಾಸ್‌ವರ್ಡ್ ಪರೀಕ್ಷಿಸುವ ಕೆಲಸ ಡವ್‌ಕಾಟ್ ಎಂಬ ಇನ್ನೊಂದು ತಂತ್ರಾಂಶದ್ದು.

ಇನ್ನು ರಿಲೇ ಯಾರಿಗೆಂದು ನಿರ್ಧರಿಸುವ ‘ಎಸ್‌ಎಂಟಿಪಿಡಿ_ರಿಲೇ_ರಿಸ್ಟ್ರಿಕ್ಷನ್ಸ್’. ಇದರಲ್ಲಿ ಕ್ರಮವಾಗಿ ಮೂರು ಮಾತು: ‘ಪರ್ಮಿಟ್_ಮೈನೆಟ್‌ವರ್ಕ್ಸ್’ (ಆ ಪಟ್ಟಿಯವರಿಗೆ ಅನುಮತಿ), ‘ಪರ್ಮಿಟ್_ಎಸ್‌ಎಎಸ್‌ಎಲ್_ಅಥೆಂಟಿಕೇಟೆಡ್’ (ಲಾಗಿನ್ ಆದವರಿಗೆ ಅನುಮತಿ), ಕೊನೆಗೆ ‘ರಿಜೆಕ್ಟ್_ಅನ್‌ಆಥ್_ಡೆಸ್ಟಿನೇಷನ್’ (ಉಳಿದವರು ಬೇರೆ ಡೊಮೇನಿಗೆ ಕಳಿಸಿದರೆ ನಿರಾಕರಣೆ). ಪೋಸ್ಟ್‌ಫಿಕ್ಸ್ ತಾನಾಗಿ ಕೊನೆಯಲ್ಲಿ ‘ಡಿಫರ್’ ಇಟ್ಟಿರುತ್ತದೆ. ಅದು 454 ಎಂಬ ತಾತ್ಕಾಲಿಕ ನಿರಾಕರಣೆ, ಕಳಿಸುವವರು ಮತ್ತೆ ಮತ್ತೆ ಬಾಗಿಲು ಬಡಿಯುತ್ತಾರೆ. ‘ರಿಜೆಕ್ಟ್’ ಇದ್ದರೆ 554, ಅಲ್ಲಿಗೇ ಮುಗಿಯಿತು. ಸಾಲು ಮುರಿದು ಬರೆಯುವುದಾದರೆ ಮುಂದಿನ ಸಾಲು ಖಾಲಿ ಜಾಗದಿಂದಲೇ ಶುರುವಾಗಬೇಕು. ಸೆಟ್ಟಿಂಗ್‌ಗೆ ಕೊಟ್ಟ ಮೌಲ್ಯದ ಪಕ್ಕದಲ್ಲೇ ಹ್ಯಾಶ್ ಹಾಕಿ ಟಿಪ್ಪಣಿ ಬರೆಯಬೇಡಿ, ಪೋಸ್ಟ್‌ಫಿಕ್ಸ್ ಅದನ್ನೂ ಮೌಲ್ಯದ ಭಾಗವೆಂದೇ ಓದುತ್ತದೆ.

ಒಂದು ಅಪಾಯ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಕೆಲವು ರೌಟರುಗಳಲ್ಲಿ, ಸರ್ವರುಗಳ ನಡುವೆ ಇಮೇಲ್ ಸಾಗುವ 25ನೇ ಪೋರ್ಟನ್ನು ಸರ್ವರಿಗೆ ತಿರುಗಿಸಿದಾಗ, ಹೊರಗಿನಿಂದ ಬಂದವರೆಲ್ಲರ ವಿಳಾಸವನ್ನೂ ರೌಟರ್ ತನ್ನದೇ 192.168.10.1 ಎಂದು ಬದಲಿಸಿಬಿಡುತ್ತದೆ. ‘ಮೈನೆಟ್‌ವರ್ಕ್ಸ್’ನಲ್ಲಿ 192.168.10.0/24 ಇದ್ದರೆ ಇಡೀ ಜಗತ್ತೇ ಒಳಗಿನವರಾಯಿತು! ಮೇಲ್.ಲಾಗ್ ಫೈಲಿನಲ್ಲಿ ‘ಕನೆಕ್ಟ್ ಫ್ರಮ್’ ಸಾಲುಗಳನ್ನು ನೋಡಿ. ಹೊರಗಿನ ಇಮೇಲ್‌ಗೂ ರೌಟರಿನ ವಿಳಾಸವೇ ಕಾಣಿಸಿದರೆ, ಒಳಬರುವ ಸಂಪರ್ಕಕ್ಕೆ ರೌಟರಿನ ಮಾಸ್ಕರೇಡ್ (ಈ ವಿಳಾಸ ಬದಲಾವಣೆ) ತೆಗೆಯದೆ ಮುಂದಿನ ಹೆಜ್ಜೆ ಇಡಬೇಡಿ.

ದಾರಿ

ಬ್ರಾಡ್‌ಬ್ಯಾಂಡ್ ಕೊಡುವ ಹಲವರು ಹೊರಹೋಗುವ 25ನೇ ಪೋರ್ಟನ್ನು ಮುಚ್ಚಿರುತ್ತಾರೆ. ಆಗ ಹೊರಗಿನ ಇಮೇಲನ್ನು ಸೇವಾದಾರರ ಸರ್ವರಿಗೆ ದಾಟಿಸಬೇಕು. ‘ರಿಲೇಹೋಸ್ಟ್’ನಲ್ಲಿ ಆ ಸರ್ವರಿನ ಹೆಸರನ್ನು ಚೌಕ ಆವರಣದೊಳಗೆ ಬರೆದು, ಕೋಲನ್ ಹಾಕಿ 587 ಸೇರಿಸಿ. ಆವರಣ ಬಿಟ್ಟರೆ ಪೋಸ್ಟ್‌ಫಿಕ್ಸ್ ಎಂಎಕ್ಸ್ ದಾಖಲೆ (ಡೊಮೇನಿನ ಇಮೇಲ್ ಪಡೆಯುವ ಸರ್ವರ್ ಯಾವುದೆಂಬ ದಾಖಲೆ) ಹುಡುಕಿಕೊಂಡು ಬೇರೆಲ್ಲಿಗೋ ಹೋಗಬಹುದು. ಸೇವಾದಾರರ ಸರ್ವರನ್ನು ನಿಮ್ಮ ಡೊಮೇನಿನ ಎಸ್‌ಪಿಎಫ್ ದಾಖಲೆಗೂ (ಆ ಡೊಮೇನಿನ ಹೆಸರಲ್ಲಿ ಯಾವ ಸರ್ವರುಗಳು ಇಮೇಲ್ ಕಳಿಸಬಹುದೆಂಬ ಪಟ್ಟಿ) ಸೇರಿಸಿ.

ಕುಂದಾಪುರ ಶಾಖೆಗೆ ಅದರದೇ ಉಪಡೊಮೇನ್, ವಿಪಿಎನ್ ಆಚೆ ಅದರದೇ ಸರ್ವರ್ ಇದ್ದರೆ ಮೂರು ಕೆಲಸ. ಉಪಡೊಮೇನನ್ನು ‘ರಿಲೇ_ಡೊಮೇನ್ಸ್’ಗೆ (ಇಮೇಲ್ ಪಡೆದು ಬೇರೆ ಸರ್ವರಿಗೆ ದಾಟಿಸಬೇಕಾದ ಡೊಮೇನುಗಳ ಪಟ್ಟಿ) ಸೇರಿಸಿ. ‘ಟ್ರಾನ್ಸ್‌ಪೋರ್ಟ್’ ಫೈಲಿನಲ್ಲಿ ಅದರ ಎದುರು ‘ಎಸ್‌ಎಂಟಿಪಿ:[10.20.0.5]’ ಎಂದು ಬರೆದು, ಆ ಫೈಲನ್ನು ‘ಟ್ರಾನ್ಸ್‌ಪೋರ್ಟ್_ಮ್ಯಾಪ್ಸ್’ನಲ್ಲಿ ತೋರಿಸಿ, ಇದು ‘ರಿಲೇಹೋಸ್ಟ್’ಗಿಂತ ಮೇಲು. ಕುಂದಾಪುರದಲ್ಲಿ ನಿಜಕ್ಕೂ ಇರುವ ವಿಳಾಸಗಳ ಪಟ್ಟಿಯನ್ನು ‘ರಿಲೇ_ರೆಸಿಪಿಯಂಟ್_ಮ್ಯಾಪ್ಸ್’ಗೆ ಕೊಡಿ. ಪಟ್ಟಿ ಇಲ್ಲದಿದ್ದರೆ ಇಲ್ಲದ ವಿಳಾಸಕ್ಕೆ ಬಂದ ಸ್ಪ್ಯಾಮನ್ನೂ ಸರ್ವರ್ ಒಪ್ಪಿಕೊಂಡು, ಆಮೇಲೆ ಸಂಬಂಧವೇ ಇಲ್ಲದವರಿಗೆ ಬೌನ್ಸ್ (ತಲುಪಲಿಲ್ಲ ಎಂಬ ವಾಪಸಾತಿ ಇಮೇಲ್) ಕಳಿಸುತ್ತದೆ. ಕಪ್ಪುಪಟ್ಟಿಗೆ ಅದೂ ಒಂದು ದಾರಿ. ಈ ಪಟ್ಟಿಯ ಫೈಲ್ ತಿದ್ದಿದಾಗಲೆಲ್ಲ, ಅದನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ ‘ಪೋಸ್ಟ್‌ಮ್ಯಾಪ್’ ಓಡಿಸಬೇಕು. ತಿದ್ದಿದ್ದು ಸರಿಯಿದ್ದೂ ಫಲ ಕಾಣದಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಒಂದೇ ಡೊಮೇನ್ ‘ಮೈಡೆಸ್ಟಿನೇಷನ್’ (ಈ ಸರ್ವರಿನಲ್ಲೇ ಇಮೇಲ್ ಇಳಿಸುವ ಡೊಮೇನುಗಳ ಪಟ್ಟಿ) ಮತ್ತು ‘ರಿಲೇ_ಡೊಮೇನ್ಸ್’ ಎರಡರಲ್ಲೂ ಇರಕೂಡದು.

ಮಳೆಗಾಲದಲ್ಲಿ ಮರ ಬಿದ್ದು ಕುಂದಾಪುರದ ಫೈಬರ್ ತುಂಡಾದರೆ ಇಮೇಲ್ ಸರತಿಯಲ್ಲಿ 5 ದಿನ ಕಾಯುತ್ತದೆ, ಆಮೇಲೆ ಕಳಿಸಿದವರಿಗೆ ವಾಪಸ್. ಅಷ್ಟರವರೆಗೆ ಕಳಿಸಿದವರಿಗೆ ಸುದ್ದಿಯೇ ಇರುವುದಿಲ್ಲ. ‘ಡಿಲೇ_ವಾರ್ನಿಂಗ್_ಟೈಮ್’ 4 ಗಂಟೆಗೆ ಇಟ್ಟರೆ ತಡವಾಗುತ್ತಿರುವ ಸೂಚನೆ ಹೋಗುತ್ತದೆ. ಲೈನ್ ಮರಳಿದ ಮೇಲೆ ‘ಪೋಸ್ಟ್‌ಕ್ಯೂ -ಎಸ್’ ಜೊತೆ ಉಪಡೊಮೇನ್ ಬರೆದರೆ ಆ ಶಾಖೆಯದ್ದಷ್ಟೇ ಹೊರಡುತ್ತದೆ.

ಸಂಪರ್ಕದ ಮಿತಿ

ಒಂದು ಐಪಿಯಿಂದ ಏಕಕಾಲಕ್ಕೆ 50 ಸಂಪರ್ಕ ಎಂಬುದು ಮೂಲ ಮಿತಿ. ನಿಮಿಷಕ್ಕೆ ಇಷ್ಟೇ ಸಂಪರ್ಕ, ಇಷ್ಟೇ ಸಂದೇಶ ಎಂಬ ಮಿತಿಗಳು ಮೂಲದಲ್ಲಿ 0, ಅಂದರೆ ಮಿತಿಯೇ ಇಲ್ಲ. ಇನ್ನೊಂದು ಮುಖ್ಯ ಸಂಗತಿ: ‘ಮೈನೆಟ್‌ವರ್ಕ್ಸ್’ನಲ್ಲಿರುವ ಯಂತ್ರಗಳಿಗೆ ಇವು ಯಾವುವೂ ತಾಗುವುದಿಲ್ಲ. ವೈರಸ್ ಹಿಡಿದ ಕಂಪ್ಯೂಟರ್ ಆ ಪಟ್ಟಿಯಲ್ಲಿದ್ದರೆ ತಡೆಯುವವರೇ ಇಲ್ಲ. ಯಂತ್ರ ಎಣಿಸಿ ಅನುಮತಿ ಕೊಡಿ ಎಂದದ್ದು ಇದಕ್ಕೂ ಹೌದು.

ಮಾಸ್ಟರ್.ಸಿಎಫ್‌ನ ‘ಸಬ್‌ಮಿಷನ್’ ಕೆಳಗೆ ‘ಎಸ್‌ಎಂಟಿಪಿಡಿ_ಕ್ಲೈಂಟ್_ಮೆಸೇಜ್_ರೇಟ್_ಲಿಮಿಟ್’ 30 ಎಂದಿಡಿ. ಅಲ್ಲಿ ಸಮ ಚಿಹ್ನೆಯ ಆಚೀಚೆ ಜಾಗ ಬಿಡಬಾರದು. ಅತಿ ಬಿಗಿಯೂ ಬೇಡ: ಸುರತ್ಕಲ್ ಶಾಖೆಯ ಎಲ್ಲರೂ ಒಂದೇ ಐಪಿಯಿಂದ ಬರುತ್ತಾರೆ. ಮಿತಿ 5ಕ್ಕೆ ಇಳಿಸಿದರೆ ಬೆಳಗ್ಗೆ ಕೌಂಟರ್ ತೆರೆಯುವ ಹೊತ್ತಿಗೇ ದೂರು ಶುರು.

ಹೊರಹೋಗುವ ಕಡೆಗೂ ಮಿತಿ ಬೇಕು. ಮಹಾಸಭೆಯ ನೋಟಿಸ್ 1200 ಸದಸ್ಯರಿಗೆ ಬಿಡಿಬಿಡಿಯಾಗಿ ಹೊರಟಿತೆನ್ನಿ. ಪೋಸ್ಟ್‌ಫಿಕ್ಸ್ ಒಂದೇ ಸರ್ವರಿಗೆ ಏಕಕಾಲಕ್ಕೆ 20 ಸಂಪರ್ಕದವರೆಗೆ ಹೋಗುತ್ತದೆ, ಸೇವಾದಾರರು ಅಷ್ಟನ್ನು ಒಪ್ಪದೆ ಇರಬಹುದು. ‘ಎಸ್‌ಎಂಟಿಪಿ_ಡೆಸ್ಟಿನೇಷನ್_ಕನ್‌ಕರೆನ್ಸಿ_ಲಿಮಿಟ್’ 5ಕ್ಕೆ ಇಳಿಸಿ. ಆದರೂ ಸಾಲದಿದ್ದರೆ ‘ಎಸ್‌ಎಂಟಿಪಿ_ಡೆಸ್ಟಿನೇಷನ್_ರೇಟ್_ಡಿಲೇ’ 1 ಸೆಕೆಂಡ್. ಆಗ ಒಂದರ ಹಿಂದೆ ಒಂದರಂತೆ ಹೋಗಿ, ಎಲ್ಲ ಮುಗಿಯಲು ಕನಿಷ್ಠ 20 ನಿಮಿಷ.

ಪರೀಕ್ಷೆ

‘ಪೋಸ್ಟ್‌ಫಿಕ್ಸ್ ಚೆಕ್’, ಆಮೇಲೆ ‘ಪೋಸ್ಟ್‌ಫಿಕ್ಸ್ ರಿಲೋಡ್’. ರಿಲೇ ಪರೀಕ್ಷೆಯನ್ನು ಕಚೇರಿಯ ವೈಫೈನಿಂದ ಮಾಡಿದರೆ ಉಪಯೋಗವಿಲ್ಲ. 25ನೇ ಪೋರ್ಟ್ ತೆರೆದಿರುವ ಹೊರಗಿನ ಯಂತ್ರದಿಂದ, ಕಳಿಸುವವರೂ ಪಡೆಯುವವರೂ ಬೇರೆ ಡೊಮೇನಿನವರಾಗಿರುವಂತೆ ‘ಸ್ವಾಕ್ಸ್’ ಎಂಬ ಇಮೇಲ್ ಪರೀಕ್ಷೆಯ ಸಾಧನ ಓಡಿಸಿ. 554 ಬಂದರೆ ಸರಿ. ಪಡೆಯುವವರ ವಿಳಾಸಕ್ಕೆ 250 ಬಂದರೆ ತಕ್ಷಣ ಪೋಸ್ಟ್‌ಫಿಕ್ಸ್ ನಿಲ್ಲಿಸಿ, ‘ಮೈನೆಟ್‌ವರ್ಕ್ಸ್’ ಮತ್ತು ರೌಟರ್ ಎರಡನ್ನೂ ಮತ್ತೆ ನೋಡಿ.

ಮಿತಿಗಳ ಅಂಕಿ ಹೊಂದಿಸಲು ಮೇಲ್.ಲಾಗ್‌ನಲ್ಲಿ ‘ಆನ್‌ವಿಲ್’ (ಸಂಪರ್ಕ ಎಣಿಸುವ ಪೋಸ್ಟ್‌ಫಿಕ್ಸ್ ಭಾಗ) ಸಾಲುಗಳನ್ನು ಹುಡುಕಿ. ಯಾವ ಐಪಿಯಿಂದ ಗರಿಷ್ಠ ಎಷ್ಟು ಸಂಪರ್ಕ ಬಂತು ಎಂಬುದು ಅಲ್ಲಿ ಇರುತ್ತದೆ. ತಿಂಗಳ ಕೊನೆಯ ದಿನಗಳೂ ಸೇರುವಂತೆ ಎರಡು ವಾರದ ಲಾಗ್ ನೋಡಿ, ಶಾಖೆಯ ಗರಿಷ್ಠದ ಎರಡು ಪಟ್ಟಿಗೆ ಮಿತಿ ಇಡಿ.